ಪೋಡಿನಿಂದ ಪತ್ರಿಕೆಯ ಪುಟಕ್ಕೆ

2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದವರ ಹಕ್ಕನ್ನು ಮಾನ್ಯ ಮಾಡುವ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಅಂತಿಮವಾಗಿ ತಿರಸ್ಕೃತರಾದವರನ್ನು ಕಾಡಿನಿಂದ ತೆರವುಗೊಳಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ಅದೇ ತಿಂಗಳ 28ರಂದು ತನ್ನ ಆದೇಶಕ್ಕೆ ತಾನೇ ತಡೆ ನೀಡಿತು. ನಡುವಿನ ಎರಡು ವಾರ ಪತ್ರಿಕೆಗಳಲ್ಲಿಯೂ ಟಿ.ವಿ.ಯಲ್ಲಿಯೂ ಒಂದೇ ವಾಗ್ವಾದ: ಹುಲಿ ಉಳಿಯಬೇಕೋ, ಆದಿವಾಸಿ ಉಳಿಯಬೇಕೋ? ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ನಡುವೆ ವರ್ಷಗಟ್ಟಲೆ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞೆಯಾಗಿ ನನಗೆ ಸುಮ್ಮನಿರಲು ಆಗಲಿಲ್ಲ. ಹುಲಿವೀರಪ್ಪನೆಂದು ಹುಲಿಗೆ ಕೈಮುಗಿಯುವ ಜನರ ಮುಂದೆ ಈ ಪ್ರಶ್ನೆ ಇಟ್ಟರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಪತ್ರಿಕೆಗೆ ಲೇಖನ ಬರೆಯಲು ಕುಳಿತಾಗ ಮೊದಲು ಬದಿಗಿಟ್ಟದ್ದು ನಮ್ಮ ಶಾಸ್ತ್ರದ ಪರಿಭಾಷೆಯನ್ನು. ‘ಆದಿವಾಸಿಗಳು ಪ್ರಕೃತಿಯ ಮಕ್ಕಳು’ ಎಂಬ ಧಾಟಿಯನ್ನೂ ಅದರ ಜೊತೆಗೇ ಬಿಟ್ಟೆ. ಆ ಮಾತು ಕೇಳಲು ಇಂಪಾಗಿದ್ದರೂ ವಾದದಲ್ಲಿ ನಿಲ್ಲುವುದಿಲ್ಲ. ಸೋಲಿಗರ ಯುವಕನ ಕೈಯಲ್ಲಿ ಮೊಬೈಲ್ ಕಂಡ ಕೂಡಲೇ ಎದುರಾಳಿ ಅದನ್ನು ಹರಿದುಹಾಕುತ್ತಾನೆ. ಹಾಗಾಗಿ ಒಂದೇ ಒಂದು ಆಚರಣೆಯನ್ನು ಆರಿಸಿಕೊಂಡೆ: ತರಗು ಬೆಂಕಿ.

ಬೇಸಿಗೆ ಬಲಿಯುವ ಮೊದಲು, ನೆಲದ ಒಣ ಎಲೆ ಮಾತ್ರ ಸುಡುವಷ್ಟು ಸಣ್ಣ ಬೆಂಕಿಯನ್ನು ಸೋಲಿಗರು ಹಾಕುತ್ತಿದ್ದರು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಬಳಿಕ ಅದು ನಿಂತಿತು. ಆಮೇಲೆ ಲಂಟಾನ ಎಂಬ ಹೊರಗಿನಿಂದ ಬಂದ ಕಳೆಪೊದೆ ಹಬ್ಬಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಪರಾವಲಂಬಿ ಸಸ್ಯ ಹೆಚ್ಚಿತು ಎನ್ನುತ್ತಾರೆ ಹಿರಿಯರು. ಪರಿಸರ ವಿಜ್ಞಾನಿಗಳು ಅಳೆದು ನೋಡಿದಾಗ 1997ರಿಂದ 2008ರೊಳಗೆ ಲಂಟಾನ ಕಾಣುವ ಜಾಗಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಬೆಂಕಿಯಿಂದ ಎಳೆಯ ಸಸಿಗಳು ಸಾಯುತ್ತವೆ ಎಂಬ ಆಕ್ಷೇಪವೂ ಇದೆ. ಅದರಲ್ಲಿ ಹುರುಳಿದೆ, ಅದನ್ನೂ ಲೇಖನದಲ್ಲಿ ಬರೆದೆ. ಎದುರು ಪಕ್ಷದ ಬಲವಾದ ಮಾತನ್ನು ಮುಚ್ಚಿಟ್ಟು ಗೆದ್ದ ವಾದ ಮುಂದಿನ ಚರ್ಚೆಯವರೆಗೂ ಬಾಳುವುದಿಲ್ಲ.

ಕಳುಹಿಸುವ ಮೊದಲು ಕರಡನ್ನು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಗಟ್ಟಿಯಾಗಿ ಓದಿದೆ. ಇದನ್ನು ನಾನು ಎಂದೂ ತಪ್ಪಿಸುವುದಿಲ್ಲ. ಪೂಜಾಸ್ಥಳಗಳಿಗೆ ಹೋಗುವ ದಾರಿಯ ವಿವರ ಬೇಡವೆಂದರು, ತೆಗೆದೆ. ಬೆಂಕಿ ಮತ್ತೆ ಬೇಕೇ ಎಂಬ ಬಗ್ಗೆ ಅಲ್ಲಿಯೇ ಭಿನ್ನಾಭಿಪ್ರಾಯ ಎದ್ದಿತು: ಇಷ್ಟು ಲಂಟಾನ ಬೆಳೆದಿರುವಾಗ ಹಾಕಿದ ಕಿಡಿ ಮರದ ನೆತ್ತಿಗೇರುತ್ತದೆ ಎಂದು ಒಬ್ಬ ಹೆಂಗಸು ವಾದಿಸಿದರು. ಅದು ಇಡೀ ಲೇಖನದ ಅತ್ಯಂತ ಉಪಯುಕ್ತ ಸಾಲಾಯಿತು. ಸಮುದಾಯವೆಂದರೆ ಒಂದೇ ಬಾಯಿ ಎಂದು ನಂಬಿದ್ದ ಓದುಗರಿಗೆ ಅಲ್ಲಿ ಯೋಚಿಸುವ ಮನುಷ್ಯರು ಕಂಡರು.

ಟಿ.ವಿ. ಚರ್ಚೆಗೆ ಕರೆದಾಗ ಸೋಲಿಗರ ಪರವಾಗಿ ಮಾತನಾಡಲು ಒಪ್ಪಲಿಲ್ಲ. ಅವರಲ್ಲಿ ಕಾಯ್ದೆಯನ್ನು ಕರಗತ ಮಾಡಿಕೊಂಡವರಿದ್ದಾರೆ, ಅವರನ್ನು ಕರೆಯಿರಿ, ಪಕ್ಕದಲ್ಲಿ ನಾನೂ ಕೂರುತ್ತೇನೆ ಎಂದೆ. ಒಂದು ವಾಹಿನಿ ಒಪ್ಪಿತು, ಇನ್ನೊಂದು ಮತ್ತೆ ಕರೆ ಮಾಡಲಿಲ್ಲ. ನನಗೆ ಈ ಷರತ್ತು ಮುಖ್ಯ. ತಮ್ಮ ಮಾತನ್ನು ತಾವೇ ಆಡಬಲ್ಲವರ ಕುರ್ಚಿಯಲ್ಲಿ ವಿದ್ವಾಂಸರು ಕೂರಬಾರದು.

ಹಾಗಾದರೆ ನಮ್ಮ ಶಾಸ್ತ್ರದ ಪಾತ್ರವೇನು? ಇದಕ್ಕೆ ಕಾನೂನಿನಲ್ಲಿಯೇ ಉತ್ತರವಿದೆ, ನಮ್ಮವರೇ ಅದನ್ನು ಓದಿರುವುದು ಕಡಿಮೆ. 2008ರ ಅರಣ್ಯ ಹಕ್ಕು ನಿಯಮಗಳ 13ನೇ ನಿಯಮ ಹಕ್ಕಿನ ಅರ್ಜಿಗೆ ಯಾವುದನ್ನೆಲ್ಲ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಹೇಳುತ್ತದೆ. ಸ್ಮಶಾನ, ಬಾವಿ, ಪವಿತ್ರ ಸ್ಥಳ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆ ಆ ಪಟ್ಟಿಯಲ್ಲಿವೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯಂಥ ಹೆಸರಾಂತ ಸಂಸ್ಥೆಗಳು ಮಾಡಿದ ಸಂಶೋಧನೆ, ದಾಖಲಿಸಿದ ರೂಢಿ-ಸಂಪ್ರದಾಯಗಳೂ ಇವೆ. ಅಂದರೆ ಯಾವ ಕಲ್ಲಿಗೆ ಯಾವ ಕುಲದವರು ಪೂಜೆ ಮಾಡುತ್ತಾರೆ, ಜೇನು ಯಾವ ತಿಂಗಳು ಎಲ್ಲಿ ಕೀಳುತ್ತಾರೆ ಎಂಬ ಬರಹವನ್ನು ಕೇವಲ ಪ್ರಬಂಧದ ಸರಕಾಗಿ ನೋಡುವಂತಿಲ್ಲ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಹಲವು ಗ್ರಾಮಸಭೆಗಳಿಗೆ, ಊರಿನವರೆಲ್ಲ ಒಟ್ಟಾಗಿ ಕಾಡನ್ನು ಬಳಸುವ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಸೋಲಿಗರು ತಮ್ಮ ಪೂರ್ವಿಕರ ಪೂಜಾಸ್ಥಳಗಳನ್ನು ತಾವೇ ಗುರುತಿಸಿ ನಕ್ಷೆಗಿಳಿಸಿದ ಕೆಲಸವನ್ನು ಕಂಡ ಮೇಲೆ ನನ್ನ ಟಿಪ್ಪಣಿ ಪುಸ್ತಕಗಳನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆ.

ಇಂಥ ಕೆಲಸಕ್ಕಿಳಿದರೆ ವಿದ್ವತ್ತಿನ ತಟಸ್ಥತೆ ಕೆಡುತ್ತದೆ ಎಂದು ಕೆಲವು ಸಹೋದ್ಯೋಗಿಗಳು ಬೇಸರಿಸಿಕೊಂಡರು. ಒಂದು ಊರಿನ ಅನ್ನ ಉಂಡು, ಅವರ ಅರಿವನ್ನು ನಮ್ಮ ಪದವಿಯಾಗಿಸಿಕೊಂಡು, ಅವರ ಮನೆ ಹೋಗುವ ಹೊತ್ತಿಗೆ ಮೌನವಾಗಿರುವುದನ್ನು ತಟಸ್ಥತೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಲೇಖನ ಬಂದ ಮೇಲೆ ನನ್ನನ್ನು ಹುಡುಕಿಕೊಂಡು ಬಂದ ಕರೆಗಳಲ್ಲಿ ಹೆಚ್ಚಿನವು ಬೇರೆ ತಾಲ್ಲೂಕುಗಳಿಂದ. ಅರ್ಜಿ ತಿರಸ್ಕೃತವಾದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಹೋಗಬಹುದು, ತೀರ್ಮಾನವನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಲೇಬೇಕು ಎಂದು ನಾನು ಬರೆದದ್ದು ಅವರಿಗೆ ಹೊಸ ಸುದ್ದಿಯಾಗಿತ್ತು. ಈಗ ಸಂಶೋಧನೆಗೆ ಹೋಗುವ ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕಡ್ಡಾಯ: ಹಿರಿಯರ ಹೇಳಿಕೆಯನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ದಿನಾಂಕದೊಡನೆ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿ, ಒಂದು ಪ್ರತಿಯನ್ನು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಒಪ್ಪಿಸಿಯೇ ಊರು ಬಿಡಬೇಕು.