ರಿಂಗ್ ಹೊರಗಿನ ಖಳ: ರೆಸ್ಲಿಂಗ್ ಮ್ಯಾನೇಜರ್ ಪಾತ್ರ ಕಟ್ಟುವ ಬಗೆ

ಸೋಲು-ಗೆಲುವು ಮೊದಲೇ ಗೊತ್ತಾಗಿರುವ ನಾಟಕೀಯ ಕುಸ್ತಿ ಪ್ರದರ್ಶನದಲ್ಲಿ, ರಿಂಗಿನ ಹೊರಗೆ ಪೈಲ್ವಾನನ ಜೊತೆಗಿದ್ದು ಅವನ ಪರ ನಿಲ್ಲುವವನೇ ಮ್ಯಾನೇಜರ್. ಆ ಪಾತ್ರ ಸಿಕ್ಕಿತೆಂದು ಮೊದಲೇ ಮಿಂಚುವ ಕೋಟು ಹೊಲಿಸಲು ಓಡಬೇಡಿ. ನಿಮ್ಮ ಪೈಲ್ವಾನನಿಗೆ ಏನು ಬರುವುದಿಲ್ಲ ಎಂಬುದನ್ನು ನೋಡಿ. ಅದನ್ನು ತುಂಬುವುದೇ ನಿಮ್ಮ ಕೆಲಸ. ಪೈಲ್ವಾನ ಅಂಡರ್‌ಟೇಕರ್ ಮಾತು ಕಡಿಮೆ. ಹಾಗಾಗಿ 1991ರಲ್ಲಿ ಜೊತೆಯಾದ ಮ್ಯಾನೇಜರ್ ಪಾಲ್ ಬೇರರ್ ಕೀರಲು ದನಿಯಲ್ಲಿ ಅವನ ಪರ ಮಾತಾಡಿದ. ಪೈಲ್ವಾನ ಮಾಚೋ ಮ್ಯಾನ್‌ದು ಉಲ್ಟಾ, ಬಾಯಿ ನಿಲ್ಲುತ್ತಲೇ ಇರಲಿಲ್ಲ. ಪಕ್ಕದಲ್ಲಿ ಮ್ಯಾನೇಜರ್ ಮಿಸ್ ಎಲಿಜಬೆತ್ ಸುಮ್ಮನೆ ನಿಂತಿದ್ದಕ್ಕೇ ಅವನ ಸಿಡುಕು ಎದ್ದು ಕಂಡಿತು.

ಕೈಗೆ ಒಂದೇ ವಸ್ತು ಸಾಕು. ಅದು ಪಾತ್ರವನ್ನೂ ತೋರಿಸಬೇಕು, ಆಯುಧವೂ ಆಗಬೇಕು. ಹೆಸರಾಂತ ಮ್ಯಾನೇಜರ್‌ಗಳನ್ನೇ ನೋಡಿ: ಜಿಮ್ಮಿ ಹಾರ್ಟ್‌ಗೆ ಮೆಗಾಫೋನ್, ಅಮ್ಮನ ದುಡ್ಡಿನಲ್ಲಿ ಮೆರೆಯುವ ಜಿಮ್ ಕಾರ್ನೆಟ್‌ಗೆ ಟೆನಿಸ್ ರ‍್ಯಾಕೆಟ್, ಬೇರರ್‌ಗೆ ಚಿತಾಭಸ್ಮದ ಕರಂಡ. ರ‍್ಯಾಕೆಟ್ಟಿನಲ್ಲಿ ಹೊಡೆಯುವುದಾದರೆ ತಂತಿಯ ಭಾಗ ಬೆನ್ನಿಗೆ ಚಪ್ಪಟೆಯಾಗಿ ಬೀಳಲಿ. ಚೌಕಟ್ಟಿನ ಅಂಚು ತಗುಲಿದರೆ ನಿಜವಾಗಿಯೇ ಗಾಯ. ಉಪ್ಪು ಎರಚುವ ಮಿಸ್ಟರ್ ಫುಜಿ ಬಗೆ ಬೇಕಿದ್ದರೆ ಎದೆಯ ಎತ್ತರಕ್ಕೆ ಎರಚಿ. ಕಣ್ಣು ಉಜ್ಜಿಕೊಂಡು ತಡಕಾಡುವುದು ಎದುರಾಳಿಯ ನಟನೆ.

ಇನ್ನು ಅಡ್ಡಗಾಲು. ಇಲ್ಲೇ ಹೊಸಬರು ಕೆಡುವುದು. ಎರಡು ನಿಮಿಷಕ್ಕೊಮ್ಮೆ ರಿಂಗಿನ ಅಂಚಿಗೆ ಹತ್ತಿದರೆ ಜನಕ್ಕೆ ಬೇಸರ, ರೆಫರಿ ಕುರುಡನಂತೆ ಕಾಣುತ್ತಾನೆ. ಮೊದಲರ್ಧ ನಿಮ್ಮ ಮೂಲೆ ಬಿಟ್ಟು ಕದಲಬೇಡಿ. ಕೂಗಿ, ಬೆವರು ಒರೆಸಿಕೊಳ್ಳಿ, ಅಷ್ಟೇ. ನಿಮ್ಮವನು ಸೋಲುವ ಹಂತಕ್ಕೆ ಬಂದಾಗ ಅವನೇ ರೆಫರಿಯನ್ನು ಎದುರು ಮೂಲೆಗೆ ಸೆಳೆಯಲಿ. ರೆಫರಿ ಬೆನ್ನು ತಿರುಗಿದ ಮೇಲೂ ಒಂದು ಉಸಿರು ತಡೆಯಿರಿ. 'ಹಿಂದೆ ನೋಡೋ' ಎಂದು ಜನ ಕಿರುಚುವುದು ಆ ತಡೆಯಲ್ಲೇ. ಹೊಡೆದ ತಕ್ಷಣ ಕೆಳಗಿಳಿದು, ವಸ್ತುವನ್ನು ಬೆನ್ನ ಹಿಂದೆ ಹಿಡಿದು, ಏನೂ ಅರಿಯದ ಮುಖ.

ಇದು ಒಮ್ಮೆಯಾದರೂ ಎಡವಟ್ಟಾಗಬೇಕು. 1993ರ ರೆಸಲ್‌ಮೇನಿಯಾ 9 ಎಂಬ ದೊಡ್ಡ ಪ್ರದರ್ಶನದಲ್ಲಿ ಫುಜಿ ಎರಚಿದ ಉಪ್ಪು ಎದುರಾಳಿ ಬ್ರೆಟ್ ಹಾರ್ಟ್ ಕಣ್ಣಿಗೆ ಬಿದ್ದು, ಫುಜಿಯ ಪೈಲ್ವಾನ ಯೊಕೊಜುನಾ ಚಾಂಪಿಯನ್ ಆದ. ಅದೇ ಸೊಕ್ಕಿನಲ್ಲಿ ಫುಜಿ ಇನ್ನೊಬ್ಬ ಪೈಲ್ವಾನ ಹಲ್ಕ್ ಹೋಗನ್‌ನನ್ನು ಕೆಣಕಿ ಕರೆದ; ಈ ಸಲ ಹೋಗನ್ ತಪ್ಪಿಸಿಕೊಂಡ, ಉಪ್ಪು ಯೊಕೊಜುನಾ ಕಣ್ಣಿಗೇ ಹೋಯಿತು. ಅರ್ಧ ನಿಮಿಷದೊಳಗೆ ಬೆಲ್ಟ್ ಕೈಬಿಟ್ಟಿತ್ತು. ಮ್ಯಾನೇಜರ್ ತಂತ್ರ ತಿರುಗಿಬೀಳಬೇಕಾದ್ದು ಹೀಗೆಯೇ.

ಕೊನೆಗೆ ಏಟು ತಿನ್ನಿ. ಮ್ಯಾನೇಜರ್ ಬಾಬಿ ಹೀನನ್‌ನನ್ನು ಈಗಲೂ ನೆನೆಯುವುದು ನಾಲಿಗೆಗೆ ಎಷ್ಟೋ, ಒದೆ ತಿನ್ನುವ ಚೆಂದಕ್ಕೂ ಅಷ್ಟೇ. 1988ರಲ್ಲಿ ಪೈಲ್ವಾನ ಅಲ್ಟಿಮೇಟ್ ವಾರಿಯರ್ ಎದುರು ಸೋತು ವೀಸಲ್ ಪ್ರಾಣಿಯ ವೇಷ ಹಾಕಿಸಿಕೊಂಡವನು ಅವನು. ಬೀಳುವಾಗ ಗದ್ದ ಎದೆಗೆ ಒತ್ತಿ, ಉಸಿರು ಬಿಟ್ಟು, ಬೆನ್ನಿನ ಮೇಲ್ಭಾಗದ ಮೇಲೆ ಬೀಳಿ; ಅಂಗೈ ನೆಲಕ್ಕೆ ಬಡಿಯಲಿ. ತರಬೇತಿಯಿಲ್ಲದೆ ಎತ್ತರದಿಂದ ಬೀಳುವುದು ಬೇಡವೇ ಬೇಡ. 1986ರ ಸ್ಟಾರ್‌ಕೇಡ್ ಕುಸ್ತಿ ಪ್ರದರ್ಶನದಲ್ಲಿ ರಿಂಗಿನ ಮೇಲೆ ಕಟ್ಟಿದ್ದ ಅಟ್ಟಣಿಗೆಯಿಂದ ಜಾರಿದ ಕಾರ್ನೆಟ್‌ನನ್ನು ಕೆಳಗಿದ್ದವನು ಹಿಡಿಯಲಾಗಲಿಲ್ಲ, ಮೊಣಕಾಲು ಹೋಯಿತು.

ಏಟು ತಿಂದು ಓಡುವಾಗ ನಿಮ್ಮ ಮೆಗಾಫೋನನ್ನೋ ಬೆತ್ತವನ್ನೋ ರಿಂಗಿನಲ್ಲೇ ಬಿಡಿ. ಅದನ್ನು ಎತ್ತಿ ಆಡಿಸುವ ಅವಕಾಶ ನಾಯಕನಾದ ಎದುರಾಳಿಗಿರಲಿ.