ದಾಳ ಉರುಳಿಸಿ, ಪುಸ್ತಕ ಹುಡುಕಿ: ಆಟದಲ್ಲೇ ಲೈಬ್ರರಿ ಕಲಿಸುವುದು ಹೇಗೆ?

ಇದು ಪರಿವಿಡಿ, ಇದು ಪದಸೂಚಿ, ಬೆನ್ನಿನ ಮೇಲಿರುವುದು ಪುಸ್ತಕದ ನಂಬರ್ ಅಂತ ಏಳು ವರ್ಷದ ಮಗುವಿಗೆ ಸಾಲಾಗಿ ಹೇಳಿ ನೋಡಿ. ಎರಡೇ ನಿಮಿಷಕ್ಕೆ ಅದರ ಕಣ್ಣು ಕಿಟಕಿ ಕಡೆ ಹೋಗಿರುತ್ತದೆ. ಅದೇ ಮಗುವಿಗೆ "ಬಾವಿಕಟ್ಟೆ ಸುತ್ತ ದೊಡ್ಡ ಹಾವು ಮಲಗಿದೆ, ಊರಿಗೆ ನೀರಿಲ್ಲ, ಈಗೇನು ಮಾಡ್ತೀಯ?" ಅಂತ ಕೇಳಿ. ಎದ್ದು ನಿಲ್ಲುತ್ತದೆ.

ಪಾತ್ರವಾಗಿ ಆಡುವ ಟೇಬಲ್ ಆಟದ ಶಕ್ತಿ ಇದು. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆಟ ಬಂದಾಗಿನಿಂದ ಕ್ರಮ ಹೆಚ್ಚೂಕಡಿಮೆ ಹೀಗೇ ಇದೆ: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ, ಅದು ಆಗುತ್ತದೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಚಿಕ್ಕ ಮಕ್ಕಳಿಗೆ ದಪ್ಪ ದಪ್ಪ ನಿಯಮದ ಪುಸ್ತಕ ಬೇಡ. ಆರು ಮುಖದ ಒಂದು ದಾಳ, ಕಾಗದ, ಪೆನ್ಸಿಲ್, ನಾಲ್ಕು ಮಕ್ಕಳು ಸಾಕು.

ಒಂದೇ ಒಂದು ನಿಯಮ ಮಾತ್ರ ಬಿಡಬೇಡಿ. ದಾಳದಿಂದ ಬಾಗಿಲು ತೆರೆಯಲಿ, ಸೇತುವೆ ದಾಟಲಿ, ಆದರೆ ಒಗಟಿಗೆ ಉತ್ತರ ಕಪಾಟಿನಲ್ಲಿರುವ ಪುಸ್ತಕದಿಂದಲೇ ಬರಬೇಕು. ಆರು ಬಿದ್ದರೆ ಉತ್ತರ ಸಿಗುತ್ತದೆ ಅಂದರೆ ಪುಸ್ತಕ ಯಾರು ತೆಗೀತಾರೆ, ಅಲ್ವಾ?

ಮೊದಲು ಪಾತ್ರ ಹಂಚಿ. ದಾರಿ ಹುಡುಕುವವರು ನಂಬರ್ ನೋಡಿ ಕಪಾಟು ಪತ್ತೆ ಮಾಡಬೇಕು. ಪುಟಗಳ ಮಾಂತ್ರಿಕರದು ಪರಿವಿಡಿ, ಪದಸೂಚಿ. ದೂತರು ಲೈಬ್ರರಿಯನ್ ಹತ್ತಿರ ಹೋಗಿ ಕೇಳುವವರು, ಸಾಕ್ಷಿಗಾರರು ಅದೇ ವಿಷಯ ಇನ್ನೊಂದು ಪುಸ್ತಕದಲ್ಲೂ ಇದೆಯಾ ಅಂತ ನೋಡುವವರು. ಪ್ರತಿ ಸಲ ಪಾತ್ರ ಬದಲಿಸಿ. ಓದಲು ಬಾರದ ಮಗುವನ್ನು ಓದುವ ಮಗುವಿನ ಜೊತೆ ಜೋಡಿ ಮಾಡಿ.

ಆಮೇಲೆ ಒಗಟು. ಇಲ್ಲಿ ತಲೆ ಉಲ್ಟಾ ಓಡಿಸಬೇಕು, ಮೊದಲು ಪುಸ್ತಕ ಆರಿಸಿಕೊಂಡು ಅದರಲ್ಲಿರುವ ಒಂದು ಸಂಗತಿಯ ಸುತ್ತ ಕಥೆ ಕಟ್ಟಿ. ಆಟದ ದಿನ ಆ ಪುಸ್ತಕ ಕಪಾಟಿನಲ್ಲೇ ಇದೆಯಾ ಅಂತ ನೋಡಿಕೊಳ್ಳಿ, ಯಾರೋ ಮನೆಗೆ ಒಯ್ದಿದ್ದರೆ ಇಡೀ ಆಟ ನಿಂತುಹೋಗುತ್ತದೆ.

ಈಗ ಹಾವಿನ ಕಥೆಗೆ ಬನ್ನಿ. "ಅದು ಕಣ್ಣು ಮುಚ್ಚಿದಾಗ ಮೆಲ್ಲಗೆ ಹೋಗೋಣ" ಅಂತ ಮಕ್ಕಳು ಹೇಳಿಯೇ ಹೇಳುತ್ತಾರೆ. ಬೇಡ ಅನ್ನಬೇಡಿ. "ಹಾವು ಯಾವಾಗ ಕಣ್ಣು ಮುಚ್ಚುತ್ತೆ ಅಂತ ನೋಡ್ಕೊಂಡು ಬನ್ನಿ" ಅಂತ ಕಪಾಟಿಗೆ ಕಳಿಸಿ. ಅಮೆರಿಕದ ಲೈಬ್ರರಿಯನ್ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ದಶಮಾಂಶ ಪದ್ಧತಿ ನಿಮ್ಮ ಲೈಬ್ರರಿಯಲ್ಲಿದ್ದರೆ ಹಾವು 597.96ರಲ್ಲಿರುತ್ತದೆ. ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 597.89 ಮೊದಲೋ 597.9 ಮೊದಲೋ ಅಂದರೆ, 89 ದೊಡ್ಡದು, ಹಾಗಾಗಿ ಆಮೇಲೆ ಅನ್ನುತ್ತಾರೆ. ಚೀಟಿಯಲ್ಲಿ 597.9ರ ಕೊನೆಗೆ ಒಂದು ಸೊನ್ನೆ ಬರೆದು ತೋರಿಸಿ. 89, 90. "ಓ!" ಅನ್ನುತ್ತಾರೆ. ಚುಕ್ಕಿಯ ನಂತರದ ಅಂಕಿಗಳನ್ನು ಒಂದೊಂದಾಗಿ ಓದುವ ಅಭ್ಯಾಸಕ್ಕೆ ಜಾಸ್ತಿ ಸಮಯ ಕೊಡಿ, ಅವಸರ ಬೇಡ.

ವಾಪಸ್ ಎಲ್ಲಿಡಬೇಕು ಅಂತ ಗೊತ್ತಾಗಲು ಪುಸ್ತಕ ತೆಗೆದ ಜಾಗದಲ್ಲಿ ಒಂದು ಉದ್ದ ರಟ್ಟಿನ ಪಟ್ಟಿ ಸಿಕ್ಕಿಸಲಿ. ಅದನ್ನೇ ಕತ್ತಿ ಅಂತ ಕರೆದರೆ ಯಾರೂ ಮರೆಯುವುದಿಲ್ಲ.

ಟೇಬಲ್ಲಿಗೆ ಬಂದ ಮೇಲೆ ಮೊದಲ ಪುಟದಿಂದ ಓದಲು ಬಿಡಬೇಡಿ. ಯಾವ ಪದ ಹುಡುಕೋಣ ಅಂತ ಎಲ್ಲರೂ ಸೇರಿ ಯೋಚಿಸಲಿ. ಮಾಂತ್ರಿಕರು ಕೊನೆಯ ಪುಟಗಳಿಗೆ ಹೋಗಿ ಪದಸೂಚಿಯಲ್ಲಿ ಬೆರಳಿಟ್ಟು 'ಕಣ್ಣು' ಹುಡುಕುತ್ತಾರೆ, ಸಿಗದಿದ್ದರೆ 'ರೆಪ್ಪೆ'. ಆ ಪುಟ ತೆಗೆದರೆ ಹಾವಿಗೆ ರೆಪ್ಪೆಯೇ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕ ಪೊರೆ ಇರುತ್ತದೆ, ಅದು ಕಣ್ಣು ಮುಚ್ಚುವುದೇ ಇಲ್ಲ! ಮಾಡಿದ್ದ ಉಪಾಯ ಹಾಳಾಯಿತು. ಆ ಕ್ಷಣ ಟೇಬಲ್ ಸುತ್ತ ಏಳುವ ಗಲಾಟೆ ನನಗೆ ತುಂಬಾ ಇಷ್ಟ, ಯಾಕೆಂದರೆ ಯಾರೂ ಹೇಳದೆಯೇ ಎಲ್ಲರೂ ಮತ್ತೆ ಪುಸ್ತಕಕ್ಕೆ ಬಗ್ಗಿರುತ್ತಾರೆ.

ದಾಳದಲ್ಲಿ ಒಂದು ಬಿದ್ದರೆ ಸೋತೆ ಅನ್ನಬೇಡಿ. ದೀಪ ಸ್ವಲ್ಪ ಸಣ್ಣದಾಯಿತು, ದಾರಿ ಸುತ್ತಾಯಿತು ಅನ್ನಿ. ಹುಡುಕಲು ಗಡಿಯಾರ ಇಡಬೇಡಿ, ನಿಧಾನ ಓದುವ ಮಗು ಸುಮ್ನೆ ಹಿಂದೆ ಸರಿದುಬಿಡುತ್ತದೆ.

ಮುಕ್ಕಾಲು ಗಂಟೆಗೆ ನಿಲ್ಲಿಸಿ. ಹಾವು ಇನ್ನೂ ಬಾವಿಕಟ್ಟೆ ಬಿಟ್ಟಿಲ್ಲದಿದ್ದರೂ ಪರವಾಗಿಲ್ಲ. ಪ್ರತಿ ಮಗು ತನ್ನ ಪಾತ್ರದ ಹಾಳೆಯಲ್ಲಿ ಪುಸ್ತಕದ ಹೆಸರು, ನಂಬರ್ ಮತ್ತು ಉತ್ತರ ಸಿಕ್ಕ ಪುಟ ಬರೆದುಕೊಳ್ಳಲಿ. ಮುಂದಿನ ಸಲ ಆ ಹಾಳೆ ನೋಡಿಕೊಂಡು ಅದೇ ಕಪಾಟಿಗೆ ನೀವು ದಾರಿ ತೋರಿಸದೆಯೇ ಹೋಗಿ ಬರಲಿ.