ಕಾಂಡ್ಲಾ ನೆಡುವ ಮೊದಲು ನೀರಿನ ಲೆಕ್ಕ ಹಿಡಿಯಿರಿ

ಕಡಲತೀರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಹಾಳಾಗಿದೆ, ಸರಿಮಾಡಿಕೊಡಿ ಎಂದು ಪರಿಸರ ಸಲಹೆಗಾರರಿಗೆ ಕರೆ ಬರುತ್ತದೆ. ಎಷ್ಟು ಸಾವಿರ ಸಸಿ ಬೇಕಾಗಬಹುದು ಎಂಬುದು ಕರೆದವರ ಮೊದಲ ಪ್ರಶ್ನೆ. ನೀವು ಕೇಳಬೇಕಾದದ್ದು ಬೇರೆ: ಇಲ್ಲಿ ಕಾಂಡ್ಲಾ ತಾನಾಗಿ ಯಾಕೆ ಬೆಳೆಯುತ್ತಿಲ್ಲ?

ಇದನ್ನು ಕೇಳದೇ ನೆಟ್ಟರೆ ಏನಾಗುತ್ತದೆ? 2004ರ ಸುನಾಮಿಯ ನಂತರ ಶ್ರೀಲಂಕಾದ ತೀರದಲ್ಲಿ ಭರದಿಂದ ಕಾಂಡ್ಲಾ ನೆಟ್ಟರು. ಮುಂದೆ ಸಂಶೋಧಕರು ಹೋಗಿ ಪರಿಶೀಲಿಸಿದ್ದು 23 ಜಾಗ. ಅದರಲ್ಲಿ 9 ಕಡೆ ಒಂದೇ ಒಂದು ಗಿಡವೂ ಉಳಿದಿರಲಿಲ್ಲ.

ಹಾಗಾಗಿ ಮೊದಲು ಜಾಗದ ಹಳೆಯ ಕಥೆ ತಿಳಿದುಕೊಳ್ಳಿ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಚಿತ್ರ ತೆಗೆಯುತ್ತಿವೆ, ಅವು ಪುಕ್ಕಟೆಯಾಗಿ ಸಿಗುತ್ತವೆ. ಅಲ್ಲಿ ಹಿಂದೆಂದೂ ಕಾಂಡ್ಲಾ ಇರಲೇ ಇಲ್ಲ, ಬರೀ ಕೆಸರು ಬಯಲು ಅಂತ ಗೊತ್ತಾದರೆ ನೆಡುವ ಯೋಚನೆ ಬಿಡಿ. ಆ ಕೆಸರಿನಲ್ಲೇ ಹಕ್ಕಿಗಳ ಊಟ ಇರುತ್ತದೆ. ಇದ್ದ ಕಾಡು ಹೋಗಿದ್ದರೆ, ಯಾವಾಗ ಹೋಯಿತು, ಆಗ ಅಲ್ಲಿ ಏನು ನಡೆಯಿತು ಎಂದು ಹುಡುಕಿ. ಒಡ್ಡು ಕಟ್ಟಿದರಾ? ರಸ್ತೆ ಬಂತಾ? ಸೀಗಡಿ ಕೊಳ ತೋಡಿದರಾ?

ಮುಂದಿನದು ನೀರಿನ ಲೆಕ್ಕ. ಅರ್ಧ ಕೆಲಸ ಇದೇ. ಕಾಂಡ್ಲಾ ನೀರಲ್ಲೇ ಇರುವ ಗಿಡ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲ, ಅದಕ್ಕೂ ಉಸಿರು ಬೇಕು. ಅಮೆರಿಕದ ರಾಬಿನ್ ಲೂಯಿಸ್ ಈ ವಿಷಯದಲ್ಲಿ ದೊಡ್ಡ ಹೆಸರು. ಒಟ್ಟು ಸಮಯದಲ್ಲಿ ಶೇ. 30ಕ್ಕಿಂತ ಜಾಸ್ತಿ ಮುಳುಗಿರುವ ಕಡೆ ಕಾಂಡ್ಲಾ ನಿಲ್ಲುವುದು ಕಷ್ಟ ಎಂಬುದು ಅವರು ಕೊಟ್ಟ ಅಂದಾಜು. ಸರಾಸರಿ ದಿನಕ್ಕೆ ಏಳು ಗಂಟೆ ಎಂದಿಟ್ಟುಕೊಳ್ಳಿ.

ಇದನ್ನು ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಜಾಗದಲ್ಲಿ ಅಲ್ಲಲ್ಲಿ ಕೋಲು ನೆಡಿ. ಹತ್ತಿರದಲ್ಲಿ ಚೆನ್ನಾಗಿ ಬೆಳೆದ ಕಾಂಡ್ಲಾ ಕಾಡಿದ್ದರೆ ಅಲ್ಲೂ, ಕಡಲ ಕಡೆಯ ಅಂಚಿನಲ್ಲಿ, ನಾಲ್ಕು ಕೋಲು ನೆಡಿ. ಗಾಳಿ ಇಲ್ಲದ ದಿನ, ಉಬ್ಬರ ತುಂಬಿ ನೀರು ನಿಂತ ಹೊತ್ತಿಗೆ ಎಲ್ಲ ಕೋಲುಗಳ ಮೇಲೂ ಒಂದೇ ಸಲ ಗೆರೆ ಎಳೆಯಬೇಕು. ಚಿಕ್ಕ ಜಾಗದಲ್ಲಿ ನೀರೇ ಮಟ್ಟಗೋಲು. ಇಳಿತದಲ್ಲಿ ಹೋಗಿ ಕೆಸರಿನಿಂದ ಗೆರೆವರೆಗೆ ಟೇಪ್ ಹಿಡಿಯಿರಿ. ಕಾಡಿನಂಚಿನಲ್ಲಿ 40 ಸೆಂ.ಮೀ., ನಿಮ್ಮ ಜಾಗದಲ್ಲಿ 95 ಬಂತು ಅನ್ನಿ. ನಿಮ್ಮ ಜಾಗ 55 ಸೆಂ.ಮೀ. ತಗ್ಗಿನಲ್ಲಿದೆ. ಅಲ್ಲಿ ಸಸಿ ನೆಟ್ಟರೆ ಕಾಂಡಕ್ಕೆ ಕಲ್ಲುಚಿಪ್ಪು ಹತ್ತಿ, ಭಾರಕ್ಕೆ ಬಾಗಿ ಸಾಯುತ್ತದೆ. ಒಂದೇ ದಿನದ ಅಳತೆ ಸಾಲದು. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ, ಅಷ್ಟಮಿಯ ಸಣ್ಣ ಉಬ್ಬರ ಎರಡನ್ನೂ ನೋಡಿ.

ಕೊಳದ ಒಡ್ಡು ಅಡ್ಡ ಬಂದಿದ್ದರೆ ಒಡೆಸಿ, ಹೂಳು ತುಂಬಿದ ಕಾಲುವೆ ಬಿಡಿಸಿ. ಆಮೇಲೆ ಸುಮ್ನೆ ಕಾಯಿರಿ. ಕಾಂಡ್ಲಾ ಬೀಜ ತೇಲಿಕೊಂಡು ಬರುತ್ತದೆ. ಬರದಿದ್ದರೆ ಮಾತ್ರ ನೆಡುವ ಮಾತು. ಆಗಲೂ ರೈಝೋಫೊರಾ ಎಂಬ ಜಾತಿಯ ಕಾಂಡ್ಲಾ ಒಂದನ್ನೇ ಚುಚ್ಚಬೇಡಿ. ಅದರ ಉದ್ದನೆಯ ಮೊಳಕೆ ಕೈಗೆ ಸುಲಭವಾಗಿ ಸಿಗುತ್ತದೆ ಅಂತ ಎಲ್ಲರೂ ಅದನ್ನೇ ನೆಡುತ್ತಾರೆ, ಜಾಗಕ್ಕೆ ಹೊಂದುತ್ತದೆ ಅಂತಲ್ಲ.

ಇನ್ನು ಎಣಿಕೆ. ಮಣ್ಣು ಮುಟ್ಟುವ ಮೊದಲೇ ಇದು ಶುರುವಾಗಬೇಕು. ಕಾಡಿನಲ್ಲೂ ಸರಿಮಾಡುವ ಜಾಗದಲ್ಲೂ ಒಂದೇ ಅಳತೆಯ ಚೌಕಗಳನ್ನು ಗುರುತಿಸಿ. ಎಲ್ಲಿ ಎಂಬುದನ್ನು ಚೀಟಿ ಎತ್ತಿ ಆರಿಸಿ. ಇಲ್ಲದಿದ್ದರೆ ಕಾಲು ತಾನಾಗಿ ಹಸಿರು ಕಂಡ ಕಡೆಗೇ ಹೋಗುತ್ತದೆ. ಮೂರನೆಯದಾಗಿ, ಹಾಳಾದ ಇನ್ನೊಂದು ಜಾಗವನ್ನು ಏನೂ ಮಾಡದೆ ಹಾಗೇ ಬಿಟ್ಟು ಅಲ್ಲೂ ಎಣಿಸಿ. ಗ್ರಾಹಕರು ಒಪ್ಪಿಕೊಳ್ಳುವುದು ಕಷ್ಟ, ಆದರೂ ಹಟ ಹಿಡಿಯಿರಿ. ನೀವು ಸರಿಮಾಡಿದ ಕಡೆ ಚೌಕಕ್ಕೆ 12 ಇದ್ದ ಗಿಡ 30 ಆಯಿತು ಎಂದುಕೊಳ್ಳಿ. ಹಾಗೇ ಬಿಟ್ಟ ಕಡೆಯೂ 10 ಇದ್ದದ್ದು 24 ಆಗಿದೆ. ಒಂದು ಕಡೆ 18 ಜಾಸ್ತಿ, ಇನ್ನೊಂದು ಕಡೆ 14. ನಿಮ್ಮ ಕೆಲಸದಿಂದ ಬಂದದ್ದು ಸುಮಾರು 4, ಅಷ್ಟೇ.

ನೆಟ್ಟ ಸಸಿಗೆಲ್ಲ ನಂಬರಿನ ಪಟ್ಟಿ ಕಟ್ಟಿ. 40 ನೆಟ್ಟ ಚೌಕದಲ್ಲಿ ವರ್ಷದ ಮೇಲೆ 31 ಗಿಡ ಕಂಡರೆ ಖುಷಿಯಾಗುತ್ತದೆ, ಅಲ್ವಾ? ಪಟ್ಟಿ ಇರುವುದು 14ಕ್ಕೆ ಮಾತ್ರ, ಉಳಿದದ್ದು ತೇಲಿ ಬಂದದ್ದು. ಅಂದರೆ ಉಳಿದ ಪ್ರಮಾಣ ಶೇ. 35. ತೇಲಿ ಬಂದ 17ನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಅದು ಒಳ್ಳೆಯ ಸುದ್ದಿಯೇ, ಸಸಿಗೆ ಸುರಿದ ದುಡ್ಡು ಉಳಿಸಬಹುದಿತ್ತು ಅನ್ನುವ ಸುದ್ದಿ.

ಉಪಗ್ರಹ ಚಿತ್ರವನ್ನು ಇಲ್ಲಿ ನಂಬಬೇಡಿ. ಸೆಂಟಿನೆಲ್-2 ಚಿತ್ರದ ಒಂದು ಚುಕ್ಕೆ 10 ಮೀಟರ್ ಅಗಲ. ಮೊಣಕಾಲುದ್ದದ ಸಸಿ ಅದರಲ್ಲಿ ಕಾಣುವುದಿಲ್ಲ, ಕೆಸರಿನ ಮೇಲಿನ ಪಾಚಿ ಮಾತ್ರ ಹಸಿರಾಗಿ ಕಾಣುತ್ತದೆ. ಮರ ಹರಡಿ ನೆರಳಾದ ಮೇಲೆ, ಪ್ರತಿ ಸಲವೂ ಇಳಿತದ ಹೊತ್ತಿನ ಚಿತ್ರವನ್ನೇ ಆರಿಸಿ ಹೋಲಿಸಿ.

ಕೊನೆಯದಾಗಿ ಕರಾರು. ಐದು ವರ್ಷದ ಎಣಿಕೆಯ ಖರ್ಚನ್ನು ಸಹಿಗೆ ಮೊದಲೇ ಬರೆಸಿಕೊಳ್ಳಿ. ಸತ್ತ ಗಿಡದ ಲೆಕ್ಕವೂ ವರದಿಯಲ್ಲಿ ಬರುತ್ತದೆ ಎಂಬ ಸಾಲನ್ನು ಅದರ ಕೆಳಗೇ ಸೇರಿಸಿ.